ನಕ್ಷೆಯಲ್ಲಿ ಇಲ್ಲದ್ದನ್ನು ಬರೆಯುವ ಕೆಲಸ

ಸಿವಿಲ್ ಎಂಜಿನಿಯರಿಂಗ್ ಓದಿದವರು ಅಂದರೆ ತಲೆಗೆ ಹೆಲ್ಮೆಟ್ ಹಾಕಿಕೊಂಡು ಬಿಸಿಲಲ್ಲಿ ನಿಂತಿರಬೇಕು, ಇಲ್ಲವೇ ಪಿಡಬ್ಲ್ಯುಡಿಯಲ್ಲಿ ಸರ್ಕಾರಿ ಕೆಲಸ ಹಿಡಿಯಬೇಕು ಅನ್ನೋದು ನಮ್ಮ ಮನೆಗಳ ಸಾಮಾನ್ಯ ಲೆಕ್ಕ. ಇವೆರಡರ ನಡುವೆ ಇನ್ನೊಂದು ಕುರ್ಚಿ ಇದೆ. ಅದರಲ್ಲಿ ಕೂರುವವರನ್ನು ಎಸ್ಟಿಮೇಟರ್ ಅಂತಾರೆ. ಕಟ್ಟಡದ ಪಾಯ ತೋಡುವ ಮೊದಲೇ ಅದಕ್ಕೆ ಎಷ್ಟು ಮೂಟೆ ಸಿಮೆಂಟು, ಎಷ್ಟು ಟನ್ ಕಂಬಿ, ಎಷ್ಟು ಆಳು, ಒಟ್ಟು ಎಷ್ಟು ದುಡ್ಡು ಅಂತ ಲೆಕ್ಕ ಹಾಕಿಕೊಡುವವರು ಇವರೇ. ಲೆಕ್ಕ ಜಾಸ್ತಿಯಾದರೆ ಟೆಂಡರ್ ಕೈತಪ್ಪುತ್ತದೆ. ಕಮ್ಮಿಯಾದರೆ ಕೆಲಸ ಸಿಗುತ್ತದೆ, ಆಮೇಲೆ ಪ್ರತಿ ತಿಂಗಳೂ ನಷ್ಟ.

ನನ್ನ ತಂಗಿ ಒಂದೂವರೆ ವರ್ಷದಿಂದ ಬೆಂಗಳೂರಿನ ಒಬ್ಬ ಗುತ್ತಿಗೆದಾರರ ಕಚೇರಿಯಲ್ಲಿ ಜೂನಿಯರ್ ಎಸ್ಟಿಮೇಟರ್. ನಾನು ಸಾಫ್ಟ್‌ವೇರ್ ಕೆಲಸದವಳು. ಇಬ್ಬರೂ ಒಂದೇ ಬಾಡಿಗೆ ಮನೆಯಲ್ಲಿ, ಒಂದೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವುದರಿಂದ ಅವಳ ಕೆಲಸವನ್ನು ಹತ್ತಿರದಿಂದ ನೋಡ್ತಾ ಇದ್ದೀನಿ. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೂ, ಮನೆ ಕಟ್ಟಿಸಲು ಹೊರಟಿರುವ ಓದುಗರಿಗೂ ಅದರಿಂದ ಉಪಯೋಗ ಆಗಬಹುದು ಅಂತ ಬರೀತಿದ್ದೀನಿ.

ಅಳತೆಗೂ ಒಂದು ಕಟ್ಟುಪಾಡು

ಮೊದಲ ಮೂರು ತಿಂಗಳು ಅವಳ ಕೈಗೆ ದರವನ್ನೇ ಕೊಡಲಿಲ್ಲ. ಬರೀ ಅಳತೆ. ಎಕ್ಸೆಲ್ ಹಾಳೆಯಲ್ಲಿ ವಿವರ, ಸಂಖ್ಯೆ, ಉದ್ದ, ಅಗಲ, ಎತ್ತರ, ಪ್ರಮಾಣ ಅಂತ ಆರು ಕಾಲಂ. ನಕ್ಷೆ ನೋಡುವುದು, ತುಂಬುವುದು. "ಇಷ್ಟಕ್ಕೆ ನಾಲ್ಕು ವರ್ಷ ಎಂಜಿನಿಯರಿಂಗ್ ಓದಬೇಕಿತ್ತಾ ಅಕ್ಕಾ?" ಅಂತ ಗೊಣಗಿದ್ದೂ ಉಂಟು.

ಆದರೆ ಅಳತೆ ಅನ್ನೋದು ಟೇಪು ಹಿಡಿದ ಹಾಗಲ್ಲ. ಕಟ್ಟಡ ಕೆಲಸದ ಅಳತೆಗೆ ನಮ್ಮ ದೇಶದಲ್ಲಿ ಐಎಸ್ 1200 ಅನ್ನುವ ಭಾರತೀಯ ಮಾನಕ ಇದೆ. ಮಣ್ಣು ಅಗೆಯುವುದು, ಕಾಂಕ್ರೀಟು, ಮರಗೆಲಸ, ಬಣ್ಣ, ಹೀಗೆ ಒಂದೊಂದು ಕೆಲಸಕ್ಕೂ ಅದರಲ್ಲಿ ಒಂದೊಂದು ಭಾಗ. ಉದಾಹರಣೆಗೆ ಪ್ಲಾಸ್ಟರಿಂಗ್ ತಗೊಳ್ಳಿ. ಗೋಡೆಯಲ್ಲಿ ಕಿಟಕಿ ಇದ್ದರೆ ಅಷ್ಟು ಜಾಗ ಕಳೆಯಬೇಕು ಅಂತ ನಾವೆಲ್ಲ ಅಂದುಕೊಳ್ತೀವಿ. ನಿಯಮ ಹಾಗಿಲ್ಲ. ಅರ್ಧ ಚದರ ಮೀಟರ್‌ವರೆಗಿನ ವೆಂಟಿಲೇಟರ್ ಇದ್ದರೆ ಏನೂ ಕಳೆಯುವಂತಿಲ್ಲ. ಅರ್ಧದಿಂದ 3 ಚದರ ಮೀಟರ್ ಒಳಗಿನ ಬಾಗಿಲು, ಕಿಟಕಿ ಆದರೆ, ಗೋಡೆಯ ಎರಡೂ ಕಡೆ ಒಂದೇ ಥರದ ಪ್ಲಾಸ್ಟರಿಂಗ್ ಇದ್ದಾಗ ಒಂದು ಕಡೆಯಿಂದ ಮಾತ್ರ ಕಳೆಯಬೇಕು. 3 ಚದರ ಮೀಟರಿಗಿಂತ ದೊಡ್ಡದಾದರೆ ಎರಡೂ ಕಡೆ ಕಳೆದು, ಒಳ ಅಂಚುಗಳ ಅಳತೆಯನ್ನು ಬೇರೆಯಾಗಿ ಕೂಡಿಸಬೇಕು.

ಯಾಕೆ ಹೀಗೆ? ಕಿಟಕಿ ಇದ್ದ ಕಡೆ ಗಾರೆಯವನ ಕೆಲಸ ಕಮ್ಮಿ ಆಗುವುದಿಲ್ಲ. ಸುತ್ತ ನಾಲ್ಕು ಅಂಚು ನೇರ ಮಾಡಿ, ಮೂಲೆ ಹಿಡಿದು ತೀಡಬೇಕು. ಆ ಶ್ರಮಕ್ಕೆ ಒಂದು ಕಡೆಯ ಅಳತೆ ಸಮ ಆಗುತ್ತದೆ ಅನ್ನುವುದು ನಿಯಮದ ಹಿಂದಿನ ಯೋಚನೆ. ಇದು ಗೊತ್ತಾದ ದಿನದಿಂದ ತಂಗಿಗೆ ಆ ಆರು ಕಾಲಂ ಬೇಸರ ತರಿಸಲಿಲ್ಲ. ಪ್ರತಿ ಸಾಲಿನ ಹಿಂದೆ ಯಾರದ್ದೋ ಒಂದು ದಿನದ ಕೂಲಿ ಇದೆ.

ಒಂದಿಂಚಿನ ಬೆಲೆ

ಕಂಬಿಯ ಲೆಕ್ಕಕ್ಕೆ ಅವಳು ಮೊದಲು ಬಾಯಿಪಾಠ ಮಾಡಿದ ಸೂತ್ರ ಸುಲಭದ್ದು. ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ತಗೊಂಡು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರ್ ಕಂಬಿಯ ತೂಕ ಕಿಲೋದಲ್ಲಿ ಸಿಗುತ್ತದೆ. 12 ಎಂಎಂ ಕಂಬಿ ಅಂದರೆ 144 ಭಾಗಿಸು 162, ಸುಮಾರು 0.89 ಕಿಲೋ. ಆದರೆ ಕಂಬಿ ಬರುವುದು ಸಾಮಾನ್ಯವಾಗಿ 12 ಮೀಟರ್ ಉದ್ದದಲ್ಲಿ. ಅದಕ್ಕಿಂತ ಉದ್ದ ಬೇಕಾದ ಕಡೆ ಒಂದರ ಮೇಲೊಂದು ಒಂದಿಷ್ಟು ಉದ್ದ ಸೇರಿಸಿ ಕಟ್ಟಬೇಕು. ಅದಕ್ಕೆ ಲ್ಯಾಪ್ ಅಂತಾರೆ. ನಕ್ಷೆಯಲ್ಲಿ ಒಂದೇ ಗೆರೆ ಎಳೆದಿರುತ್ತಾರೆ, ಲ್ಯಾಪ್ ಎಲ್ಲೆಲ್ಲಿ ಬರುತ್ತದೆ ಅಂತ ಲೆಕ್ಕ ಮಾಡುವವರೇ ಊಹಿಸಬೇಕು. ಹಾಗೆಯೇ ಸ್ಲ್ಯಾಬಿನ ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ ಕುರ್ಚಿ ಕಂಬಿಗಳು. ಎಷ್ಟೋ ನಕ್ಷೆಗಳಲ್ಲಿ ಅವು ಇರುವುದಿಲ್ಲ, ಸೈಟಿನಲ್ಲಿ ಇರಲೇಬೇಕು.

ಕಾಂಕ್ರೀಟಿನಲ್ಲೂ ಹೀಗೇ. 1000 ಚದರ ಅಡಿಯ ತಾರಸಿ ಅಂದುಕೊಳ್ಳಿ. 5 ಇಂಚು ದಪ್ಪ ಆದರೆ ಸುಮಾರು 11.8 ಘನ ಮೀಟರ್ ಕಾಂಕ್ರೀಟು. 6 ಇಂಚಾದರೆ ಸುಮಾರು 14.2. ಒಂದು, ಒಂದೂವರೆ, ಮೂರು ಪಾಲಿನ ಮಿಶ್ರಣಕ್ಕೆ ಘನ ಮೀಟರಿಗೆ 8 ಮೂಟೆಯ ಹತ್ತಿರ ಸಿಮೆಂಟು ಬೇಕು. ಅಂದರೆ ಒಂದಿಂಚಿಗೆ ಸುಮಾರು 19 ಮೂಟೆ ವ್ಯತ್ಯಾಸ, ಜೊತೆಗೆ ಅಷ್ಟಕ್ಕೆ ತಕ್ಕ ಜಲ್ಲಿ, ಮರಳು.

ಅವಳ ಹಿರಿಯರೊಬ್ಬರು ಕಲಿಸಿದ ಅಭ್ಯಾಸ ನನಗೆ ತುಂಬ ಹಿಡಿಸಿತು. ಹಾಳೆ ಮುಗಿದ ಮೇಲೆ ಅದನ್ನು ಮುಚ್ಚಿಟ್ಟು, ಬಾಯಿಲೆಕ್ಕದಲ್ಲಿ ಉತ್ತರ ಹೇಳಬೇಕು. ಕಾಂಕ್ರೀಟಿನ ಗಾತ್ರದ ನೂರನೇ ಒಂದು ಭಾಗ ಕಂಬಿ ಅಂದರೆ ಘನ ಮೀಟರಿಗೆ 78.5 ಕಿಲೋ. ಸ್ಲ್ಯಾಬಿನ ಲೆಕ್ಕದಲ್ಲಿ 80 ಬಂದರೆ ಒಪ್ಪಬಹುದು. 800 ಬಂದರೆ ಎಲ್ಲೋ ಸೊನ್ನೆ ಜಾರಿದೆ, 8 ಬಂದರೆ ಒಂದು ಹಾಳೆಯೇ ಕೂಡಿಲ್ಲ. ಕಂಪ್ಯೂಟರ್ ಮೂರನ್ನೂ ಒಂದೇ ಧೈರ್ಯದಲ್ಲಿ ತೋರಿಸುತ್ತದೆ.

ದರ ಅನ್ನೋದು ನಿಲ್ಲುವುದಿಲ್ಲ

ಅಳತೆ ಕೈಗೆ ಹತ್ತಿದ ಮೇಲೆ ದರದ ಪಾಠ. ಸರ್ಕಾರಿ ಕೆಲಸಕ್ಕೆ ಲೋಕೋಪಯೋಗಿ ಇಲಾಖೆಯ ದರಪಟ್ಟಿ ಇದೆ, ಕಚೇರಿಗಳಲ್ಲಿ ಎಸ್.ಆರ್. ಅಂತಾರೆ. ಕೇಂದ್ರದ ಸಿಪಿಡಬ್ಲ್ಯುಡಿಯ ದೆಹಲಿ ದರಪಟ್ಟಿ ಇದೆ. ಎರಡೂ ಜಾಲತಾಣದಲ್ಲಿ ಸಿಗುತ್ತವೆ. ಖಾಸಗಿ ಕೆಲಸಕ್ಕೆ ದರವನ್ನು ತಾನೇ ಬಿಡಿಸಿ ಕಟ್ಟಬೇಕು: ಸಾಮಾನು, ಕೂಲಿ, ಯಂತ್ರದ ಬಾಡಿಗೆ, ಸಾಗಣೆ, ಹಾಳಾಗುವ ಪಾಲು, ಕಚೇರಿ ಖರ್ಚು, ಕೊನೆಗೆ ಗುತ್ತಿಗೆದಾರರ ಲಾಭ.

ದರಕ್ಕೆ ತಾರೀಖು ಇರಬೇಕು ಅನ್ನುವುದು ಇನ್ನೊಂದು ಪಾಠ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಹಿಂದಿನ ದಿನದ ಕೊಟೇಶನ್ ಮಾರನೇ ದಿನಕ್ಕೆ ಹಳತಾಯಿತು. ಯಾವ ತಾರೀಖಿನ ದರ, ತೆರಿಗೆ ಸೇರಿದೆಯೋ ಇಲ್ಲವೋ ಅಂತ ಬರೆಯದ ಅಂಕಿಗೆ ಅರ್ಥವೇ ಇಲ್ಲ.

ಸೈಟಿಗೆ ಹೋಗದೆ ಹಾಕಿದ ದರಕ್ಕೂ ಅಷ್ಟೇ. ಹಳೆಯ ಬಡಾವಣೆಯ ಗಲ್ಲಿಗೆ ಲಾರಿ ನುಗ್ಗುವುದಿಲ್ಲ, ಜಲ್ಲಿಯನ್ನು ದೊಡ್ಡ ರಸ್ತೆಯಲ್ಲಿ ಸುರಿದು ಚಿಕ್ಕ ಗಾಡಿಯಲ್ಲಿ ಸಾಗಿಸಬೇಕು. ಕಾವೇರಿ ನೀರು ಬಾರದ ಕಡೆ ಕ್ಯೂರಿಂಗ್‌ಗೆ ಟ್ಯಾಂಕರ್ ಬೇಕು. ಪಾಯದಿಂದ ತೆಗೆದ ಮಣ್ಣು ಹೊರಗೆ ಬಂದ ಮೇಲೆ ಉಬ್ಬುತ್ತದೆ. ಬಿಲ್ಲಿನಲ್ಲಿ ಗುಂಡಿಯ ಅಳತೆ, ಲಾರಿಗೆ ಉಬ್ಬಿದ ಮಣ್ಣಿನ ಅಳತೆ. ಇದ್ಯಾವುದೂ ನಕ್ಷೆಯಲ್ಲಿ ಇರಲ್ಲ.

ನನ್ನ ವೃತ್ತಿಯವರು ಕೇಳುವ ಪ್ರಶ್ನೆ ಗೊತ್ತೇ ಇದೆ: ಇದನ್ನೆಲ್ಲ ಸಾಫ್ಟ್‌ವೇರ್ ಮಾಡಲ್ವಾ? ಮಾಡುತ್ತದೆ. ರೆವಿಟ್ ಥರದ್ದರಲ್ಲಿ ಮಾದರಿ ಸರಿಯಾಗಿ ಕಟ್ಟಿದ್ದರೆ ಗೋಡೆ, ಸ್ಲ್ಯಾಬಿನ ಪ್ರಮಾಣ ಕ್ಷಣದಲ್ಲಿ ಸಿಗುತ್ತದೆ. ಆದರೆ ಅದು ಬರೆದದ್ದನ್ನು ಎಣಿಸುತ್ತದೆ, ಬರೆಯದೇ ಬಿಟ್ಟದ್ದನ್ನು ಕೇಳುವುದಿಲ್ಲ. ತಂಗಿಯ ಸಂಬಳ ಇರುವುದು ಆ ಎರಡನೇ ಭಾಗಕ್ಕೆ.

ಅಪ್ಪನ ಮನೆ

ಅದು ನಮ್ಮ ಮನೆಗೇ ತಟ್ಟಿದ್ದು ಕಳೆದ ವರ್ಷ. ಅಪ್ಪ ನಿವೃತ್ತಿಯ ಹಣ 30 ಲಕ್ಷ ಇಟ್ಟುಕೊಂಡು ತುಮಕೂರಿನ 30x40 ಸೈಟಿನಲ್ಲಿ ಮನೆ ಕಟ್ಟಲು ಹೊರಟಿದ್ದರು. ಕೆಳಗೆ ತಮಗೆ 9 ಚದರ, ಮೇಲೆ ಬಾಡಿಗೆಗೆ 6 ಚದರ. ನಮ್ಮ ಕಡೆ 100 ಚದರ ಅಡಿಗೆ ಒಂದು ಚದರ ಅನ್ನುವ ಲೆಕ್ಕ. ಮೇಸ್ತ್ರಿ ಚದರಕ್ಕೆ ಒಂದು ಮುಕ್ಕಾಲು ಲಕ್ಷ ಹೇಳಿದ್ದರು. ಒಟ್ಟು 26 ಲಕ್ಷ ಚಿಲ್ಲರೆ. "ಇನ್ನೂ ಮೂರು ಮುಕ್ಕಾಲು ಲಕ್ಷ ಉಳಿಯುತ್ತೆ, ಗೃಹಪ್ರವೇಶಕ್ಕಾಯ್ತು" ಅಂತ ಅಪ್ಪ ಖುಷಿಯಲ್ಲಿದ್ದರು.

ತಂಗಿ ಎರಡು ಭಾನುವಾರ ಕೂತಳು. ಸಂಪು, ಕಾಂಪೌಂಡು, ಗೇಟು, ಬೋರ್‌ವೆಲ್, ಕರೆಂಟು ನೀರಿನ ಕನೆಕ್ಷನ್, ಒಳಚರಂಡಿ ಜೋಡಣೆ, ಅಡುಗೆಮನೆ ಕಪಾಟು, ಇವು ಯಾವುವೂ ಚದರದ ದರದಲ್ಲಿ ಇರಲಿಲ್ಲ. ದೊಡ್ಡದು ಇನ್ನೊಂದಿತ್ತು. ಸೈಟಿನ ಒಂದು ಮೂಲೆ ತುಂಬಿಸಿದ ಮಣ್ಣು. ಪಕ್ಕದ ಮನೆಯವರು ಆರಡಿ ಇಳಿದ ಮೇಲೆ ಗಟ್ಟಿ ನೆಲ ಸಿಕ್ಕಿತ್ತಂತೆ. ಅವರನ್ನು ಕೇಳಿದ್ದು ತಂಗಿಯೇ. ಕೊನೆಯ ಸಾಲಿನಲ್ಲಿ ಬಂದದ್ದು 36 ಲಕ್ಷದ ಹತ್ತಿರ.

ಮೇಸ್ತ್ರಿ ಮೋಸಗಾರರಲ್ಲ. ಪಟ್ಟಿ ನೋಡಿ, "ಇದೆಲ್ಲ ನನ್ನ ರೇಟಲ್ಲಿ ಇಲ್ಲಮ್ಮ, ಯಾರೂ ಕೇಳ್ಲಿಲ್ಲ" ಅಂದರು. ಅಪ್ಪ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ತಂಗಿ ರಾತ್ರಿ ನನ್ನ ಹತ್ತಿರ ಹೇಳಿದ್ದಿಷ್ಟು: "ಅಪ್ಪನ ಮುಖ ನೋಡಿದ್ರೆ ಎಲ್ಲಾದ್ರೂ ದರ ಕಮ್ಮಿ ಹಾಕೋಣ ಅನ್ಸುತ್ತೆ ಅಕ್ಕಾ. ಆದ್ರೆ ಪಾಯದ ಆಳ ಕಮ್ಮಿ ಆಗಲ್ವಲ್ಲ."

ಮೂರನೇ ದಿನ ಅಪ್ಪನೇ ಪಟ್ಟಿ ಕೇಳಿ ಇಸಕೊಂಡರು. ಈಗ ಕೆಳಗಿನ ಮನೆ ಮಾತ್ರ. ಪಾಯ, ಕಂಬಗಳು ಎರಡು ಅಂತಸ್ತಿಗೆ ತಕ್ಕಂತೆ. ಮೇಲೆ ಬಿಟ್ಟ ಕಂಬಿಗೆ ತುಕ್ಕು ಹಿಡಿಯದ ಹಾಗೆ ಸಿಮೆಂಟ್ ಹಾಲು ಬಳಿಸಿದ್ದಾರೆ. ಬಾಡಿಗೆಯ ಆಸೆ ಮುಂದಕ್ಕೆ ಹೋಯಿತು, ಸಾಲ ಮಾತ್ರ ಮನೆಗೆ ಬರಲಿಲ್ಲ. ಅರ್ಧಕ್ಕೆ ನಿಂತ ತಾರಸಿಯ ಕೆಳಗೆ ನಿಂತು 6 ಲಕ್ಷ ಹುಡುಕುವುದಕ್ಕಿಂತ ಕಾಗದದ ಮುಂದೆ ಎರಡು ದಿನ ಬೇಜಾರು ಮಾಡಿಕೊಳ್ಳುವುದು ಎಷ್ಟೋ ವಾಸಿ.

ಹೊಸಬರಿಗೆ ನಾಲ್ಕು ಮಾತು

ತಂಗಿಯ ನೋಟ್‌ಬುಕ್ಕಿನಿಂದ ಕೇಳಿ ತಗೊಂಡದ್ದಿವು. ಒಂದು, ಕೆಲಸಕ್ಕೆ ಸೇರುವ ಮೊದಲು ನಿಮ್ಮದೇ ಮನೆಯನ್ನು ಟೇಪು ಹಿಡಿದು ಅಳೆದು, ಕೈಯಲ್ಲೇ ಒಂದು ಪೂರ್ತಿ ಅಂದಾಜು ಬರೆಯಿರಿ. ಎರಡು, ಪ್ರತಿ ಅಂದಾಜಿನ ಕೊನೆಗೆ ಏನು ಸೇರಿದೆ, ಏನು ಸೇರಿಲ್ಲ, ಏನನ್ನು ಊಹಿಸಿಕೊಂಡಿದ್ದೀರಿ ಅನ್ನುವ ಒಂದು ಪುಟ ಇರಲಿ. ಮೂರು, ನಕ್ಷೆಯಲ್ಲಿ ಅನುಮಾನ ಬಂದರೆ ಆರ್ಕಿಟೆಕ್ಟನ್ನು ಬರವಣಿಗೆಯಲ್ಲೇ ಕೇಳಿ, ಬಾಯಿಮಾತಿನ ಉತ್ತರ ಬಿಲ್ಲಿನ ಹೊತ್ತಿಗೆ ಯಾರಿಗೂ ನೆನಪಿರಲ್ಲ. ನಾಲ್ಕು, ಕಟ್ಟಡ ಮುಗಿದ ಮೇಲೆ ನಿಮ್ಮ ಅಂದಾಜನ್ನೂ ನಿಜವಾದ ಖರ್ಚನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಮಗಳೋ ಮಗನೋ ಎಸ್ಟಿಮೇಟರ್ ಕೆಲಸ ಸಿಕ್ಕಿದೆ ಅಂತ ಬಂದರೆ ಸಂಬಳ ಎಷ್ಟು ಅಂತ ಕೇಳಿ, ತಪ್ಪಿಲ್ಲ. ಅದರ ಜೊತೆಗೆ, ಅಲ್ಲಿ ಹೊಸಬರನ್ನು ಸೈಟಿಗೆ ಕರೆದುಕೊಂಡು ಹೋಗಿ ತೋರಿಸುವ ಹಿರಿಯರು ಇದ್ದಾರಾ ಅಂತಲೂ ಕೇಳಿ. ಮೊದಲ ಎರಡು ವರ್ಷಕ್ಕೆ ಆ ಉತ್ತರವೇ ದೊಡ್ಡದು.