ಸರೋವರಗಳ ಪಾಚಿಜನ್ಯ ಸಾವಯವ ಸಂಯುಕ್ತಗಳು

ಸರೋವರದ ಪಾಚಿಗಳು ಹಾಗೂ ನೀಲಿ-ಹಸಿರು ಪಾಚಿಗಳೆಂದು ಕರೆಯಲ್ಪಡುವ ಸಯನೋಬ್ಯಾಕ್ಟೀರಿಯಾಗಳು ಉತ್ಪಾದಿಸುವ ಇಂಗಾಲಯುಕ್ತ ರಾಸಾಯನಿಕಗಳನ್ನು ಪಾಚಿಜನ್ಯ ಸಾವಯವ ಸಂಯುಕ್ತಗಳು ಎನ್ನುತ್ತಾರೆ. ಇವುಗಳ ಅಧ್ಯಯನವು ಕುಡಿಯುವ ನೀರಿನ ಸುರಕ್ಷತೆಯನ್ನು ತಿಳಿಯಲು ಹಾಗೂ ಸರೋವರದ ಪೂರ್ವಚರಿತ್ರೆಯನ್ನು ಅರಿಯಲು ನೆರವಾಗುತ್ತದೆ.

ನೀರಿನಲ್ಲಿರುವ ಸಂಯುಕ್ತಗಳು

ಹೊಲದ ಗೊಬ್ಬರ ಮತ್ತು ಚರಂಡಿ ನೀರಿನಿಂದ ರಂಜಕ, ಸಾರಜನಕಗಳು ಸರೋವರವನ್ನು ಸೇರಿದಾಗ ಪಾಚಿಗಳು ಅತಿಯಾಗಿ ಬೆಳೆಯುತ್ತವೆ. ಕೆಲವು ಸಯನೋಬ್ಯಾಕ್ಟೀರಿಯಾಗಳು ಜಿಯೋಸ್ಮಿನ್ ಎಂಬ ಸಂಯುಕ್ತವನ್ನು ಉತ್ಪಾದಿಸುತ್ತವೆ. ಮೊದಲ ಮಳೆಗೆ ನೆಲದಿಂದ ಏಳುವ ಮಣ್ಣಿನ ವಾಸನೆಗೂ ಇದೇ ಮುಖ್ಯ ಕಾರಣ. ಲೀಟರಿಗೆ ಸುಮಾರು 10 ನ್ಯಾನೋಗ್ರಾಂನಷ್ಟಿದ್ದರೂ ಮನುಷ್ಯರು ಇದನ್ನು ಗುರುತಿಸಬಲ್ಲರು. ನೀರಿನಲ್ಲಿ ಕಂಡುಬರುವ ಪ್ರಮಾಣದಲ್ಲಿ ಇದು ಹಾನಿಕರವಲ್ಲ.

ಮೈಕ್ರೋಸಿಸ್ಟಿನ್ ಇದಕ್ಕೆ ವಿರುದ್ಧವಾದುದು. ಏಳು ಅಮೈನೋ ಆಮ್ಲಗಳು ಉಂಗುರದಂತೆ ಜೋಡಣೆಗೊಂಡ ಈ ವಿಷವು ಯಕೃತ್ತಿಗೆ ಹಾನಿ ಮಾಡುತ್ತದೆ. ಆದ್ದರಿಂದ ವಾಸನೆಯಿಲ್ಲದ ನೀರು ಸುರಕ್ಷಿತವೆಂದು ಭಾವಿಸುವಂತಿಲ್ಲ. ದೀರ್ಘಕಾಲ ಕುಡಿಯುವ ನೀರಿನಲ್ಲಿ ಮೈಕ್ರೋಸಿಸ್ಟಿನ್-ಎಲ್‌ಆರ್ ಲೀಟರಿಗೆ 1 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಈರೀ ಸರೋವರದಲ್ಲಿ ಈ ವಿಷ ಹೆಚ್ಚಿದುದರಿಂದ ಟೊಲೆಡೊ ಪ್ರದೇಶದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯದಂತೆ ಎಚ್ಚರಿಕೆ ನೀಡಲಾಯಿತು. ಕುದಿಸಿದರೂ ಈ ವಿಷ ನಾಶವಾಗುವುದಿಲ್ಲ. ನೀರು ಆವಿಯಾದಂತೆ ಅದರ ಸಾಂದ್ರತೆ ಹೆಚ್ಚುತ್ತದೆ.

ತಳದ ಹೂಳಿನಲ್ಲಿ

ಸತ್ತ ಪಾಚಿಗಳು ತಳಕ್ಕಿಳಿದು ವರ್ಷದಿಂದ ವರ್ಷಕ್ಕೆ ಪದರಗಳಾಗಿ ಶೇಖರಗೊಳ್ಳುತ್ತವೆ. ಅವುಗಳ ಬಹುಭಾಗ ಕೊಳೆತುಹೋದರೂ ವರ್ಣದ್ರವ್ಯಗಳು, ಕೊಬ್ಬಿನಂಶಗಳು ಆಮ್ಲಜನಕವಿಲ್ಲದ ಕೆಸರಿನಲ್ಲಿ ದೀರ್ಘಕಾಲ ಉಳಿಯಬಲ್ಲವು. ಇಂಗಾಲ ಮತ್ತು ಸಾರಜನಕಗಳ ಅನುಪಾತವೂ ಮುಖ್ಯ ಸುಳಿವು: ಪಾಚಿಗಳಲ್ಲಿ ಅದು ಸಾಮಾನ್ಯವಾಗಿ 4ರಿಂದ 10, ನೆಲದ ಗಿಡಮರಗಳಲ್ಲಿ 20ಕ್ಕಿಂತ ಹೆಚ್ಚು. ಹೀಗೆ ಹೂಳಿನ ಸಾವಯವ ಅಂಶವು ಸರೋವರದಲ್ಲಿಯೇ ಹುಟ್ಟಿದುದೋ, ದಡದಿಂದ ಕೊಚ್ಚಿಬಂದುದೋ ಎಂಬುದನ್ನು ಅಂದಾಜಿಸಬಹುದು.

ಅಧ್ಯಯನ ವಿಧಾನ

ನೀರಿನ ಮಾದರಿಯನ್ನು ಸೂಕ್ಷ್ಮ ಶೋಧಕದಲ್ಲಿ ಸೋಸಿ, ಜೀವಕೋಶದ ಒಳಗಿನ ಸಂಯುಕ್ತಗಳನ್ನು ನೀರಿನಲ್ಲಿ ಕರಗಿದವುಗಳಿಂದ ಬೇರ್ಪಡಿಸುತ್ತಾರೆ. ಬಹುಪಾಲು ಮೈಕ್ರೋಸಿಸ್ಟಿನ್ ಜೀವಂತ ಕೋಶದೊಳಗೇ ಇದ್ದು, ಕೋಶ ಒಡೆದಾಗ ಹೊರಬರುತ್ತದೆ. ಆದುದರಿಂದ ಒಟ್ಟು ವಿಷವನ್ನು ಅಳೆಯಲು ಮಾದರಿಯನ್ನು ಹಲವು ಬಾರಿ ಹೆಪ್ಪುಗಟ್ಟಿಸಿ, ಕರಗಿಸಿ ಕೋಶಗಳನ್ನು ಒಡೆಯುವುದುಂಟು. ಹೂಳನ್ನು ಉದ್ದನೆಯ ಕೊಳವೆಯಿಂದ ಪದರ ಕಲಕದಂತೆ ತೆಗೆದು, ತೆಳುವಾಗಿ ಕತ್ತರಿಸಿ, ದ್ರಾವಕಗಳಿಂದ ಸಂಯುಕ್ತಗಳನ್ನು ಹೊರತೆಗೆಯುತ್ತಾರೆ. ಕ್ರೊಮ್ಯಾಟೋಗ್ರಫಿಯಿಂದ ಅವುಗಳನ್ನು ಪ್ರತ್ಯೇಕಿಸಿ ದ್ರವ್ಯರಾಶಿ ರೋಹಿತಮಾಪಕದಿಂದ ಗುರುತಿಸುತ್ತಾರೆ. ಸೀಸ-210ರ ವಿಕಿರಣದಿಂದ ಸುಮಾರು 100ರಿಂದ 150 ವರ್ಷಗಳೊಳಗಿನ ಪದರಗಳ ಕಾಲವನ್ನು ನಿರ್ಣಯಿಸಬಹುದು.

ಮಹತ್ವ

ಬರಹದ ದಾಖಲೆಗಳಿಲ್ಲದ ಸರೋವರವು ಎಂದಿನಿಂದ ಕೆಡಲಾರಂಭಿಸಿತು, ಅದರ ಮೂಲ ಸ್ಥಿತಿ ಹೇಗಿತ್ತು ಎಂಬುದನ್ನು ಹೂಳಿನ ಪದರಗಳು ತಿಳಿಸುತ್ತವೆ. ಸರೋವರದ ಪುನಶ್ಚೇತನಕ್ಕೆ ಗುರಿಯನ್ನು ನಿಗದಿಪಡಿಸಲು ಈ ಮಾಹಿತಿ ಆಧಾರವಾಗುತ್ತದೆ.