ಹಳೆಯ ಕಾರ್ಯದರ್ಶಿಗಳ ಮನೆಯಲ್ಲಿ ಒಂದು ಮಧ್ಯಾಹ್ನ

ಸಹಕಾರ ಸಂಘವೆಂದರೆ ಕಟ್ಟಡ, ತಕ್ಕಡಿ, ಲೆಡ್ಜರುಗಳಷ್ಟೇ ಅಲ್ಲ. ಅದನ್ನು ನಡೆಸಿಕೊಂಡು ಬಂದ ನೌಕರರ ಅನುಭವವೂ ಸಂಘದ ಆಸ್ತಿಯೇ. ಆದರೆ ಈ ಆಸ್ತಿ ಯಾವ ಅಢಾವೆ ಪತ್ರಿಕೆಯಲ್ಲೂ ಕಾಣುವುದಿಲ್ಲ. ನಿವೃತ್ತಿಯ ದಿನ ಹಾರ ಹಾಕಿ, ಶಾಲು ಹೊದಿಸಿ ಕಳುಹಿಸಿಕೊಟ್ಟ ಮೇಲೆ ಅವರ ಮನೆಯ ದಾರಿಯೇ ನಮಗೆ ಮರೆತುಹೋಗುತ್ತದೆ.

ಕೊಪ್ಪ ಸೀಮೆಯ ಸಂಘವೊಂದರಲ್ಲಿ ಗುಮಾಸ್ತರಾಗಿ ಸೇರಿ, ಕಾರ್ಯದರ್ಶಿಗಳಾಗಿ ನಿವೃತ್ತರಾದ ಹಿರಿಯರೊಬ್ಬರನ್ನು ಕಳೆದ ಬೇಸಗೆಯಲ್ಲಿ ಕಂಡು ಬಂದೆವು. ಈ ಲೇಖಕನಿಗೆ ತೂಕದ ಚೀಟಿ ಬರೆಯಲು ಕಲಿಸಿದವರು ಅವರೇ. ಈಗ ಎಂಬತ್ತೈದು ದಾಟಿದೆ. ಕಣ್ಣು ಮಂಜಾಗಿದೆ, ಎಡಗಿವಿ ಕೇಳಿಸದು. ಆದರೂ ಅಂಗೈಗೆ ನಾಲ್ಕು ಅಡಿಕೆ ಹಾಕಿದರೆ ಕುಲುಕಿ ನೋಡಿ, "ಇನ್ನೂ ಎರಡು ಬಿಸಿಲು ಬೇಕಿತ್ತು ಮಾರಾಯ" ಎನ್ನುತ್ತಾರೆ.

ಅವರು ಕಂಡ ಕಾಲ ಸಾಮಾನ್ಯದ್ದಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ದಿಕ್ಕುಗೆಟ್ಟಿದ್ದರು. ಆ ಸಂಕಟದಿಂದಲೇ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕಾಫಿಗಾದರೋ ಆಗ ಕಾಫಿ ಬೋರ್ಡಿನ ಪೂಲ್ ಪದ್ಧತಿ. ಹಣ ಪಾಯಿಂಟಿನ ಲೆಕ್ಕದಲ್ಲಿ ಕಂತುಕಂತಾಗಿ ಬರುತ್ತಿತ್ತು. "ನಮ್ಮ ಕಂತು ಯಾವಾಗ?" ಎಂದು ಕೇಳಿಕೊಂಡು ಬರುವ ಸಣ್ಣ ಬೆಳೆಗಾರರಿಗೆ ಆ ಲೆಕ್ಕ ಬಿಡಿಸಿ ಹೇಳುವುದು ಇವರ ಸಂಜೆಯ ಕೆಲಸ. 1996ರಲ್ಲಿ ಪೂಲ್ ಪೂರ್ತಿ ಕೊನೆಗೊಂಡಿತು. ಮಾರುವ ಸ್ವಾತಂತ್ರ್ಯ ಬಂತು, ಅದರ ಹಿಂದೆಯೇ 2001ರ ಹೊತ್ತಿಗೆ ಜಾಗತಿಕ ಬೆಲೆ ಕುಸಿತವೂ ಬಂತು.

ಇವರ ಕಾಲದಲ್ಲಿ ಸಂಘದಲ್ಲಿ ಒಂದು ನಿಯಮವಿತ್ತು. ಬೈಲಾದಲ್ಲಿ ಬರೆದದ್ದಲ್ಲ, ಇವರೇ ಮಾಡಿಕೊಂಡದ್ದು. ಅರ್ಧ ಮೂಟೆ ತಂದವನ ತೂಕ ಮೊದಲು. ದೊಡ್ಡ ತೋಟದವರ ಜೀಪು ಕಾಯಬಹುದು, ತಲೆಹೊರೆಯಲ್ಲಿ ತಂದವನಿಗೆ ಕೊನೆಯ ಬಸ್ಸು ಕಾಯುವುದಿಲ್ಲ ಎಂಬುದು ಅವರ ನ್ಯಾಯ. ಇದಕ್ಕಾಗಿ ನಿರ್ದೇಶಕರೊಬ್ಬರ ಸಿಟ್ಟನ್ನೂ ಅವರು ಸಹಿಸಿದರು.

ಅಂದು ಕಾಫಿ ಲೋಟ ಕೆಳಗಿಡುತ್ತ ಅವರು ಕೇಳಿದ್ದೂ ಅದನ್ನೇ. "ಈಗಲೂ ಅರ್ಧ ಮೂಟೆಯವರನ್ನು ಮೊದಲು ಕಳಿಸ್ತೀರಷ್ಟೆ?"

"ಅವರು ಸಂಘದ ತನಕ ಬರುವುದೇ ಕಡಿಮೆ ಸಾರ್. ಮಕ್ಕಳು ಬೆಂಗಳೂರಿನಲ್ಲಿ, ಹೊರುವುದಕ್ಕೆ ಜನ ಇಲ್ಲ. ವ್ಯಾಪಾರಿಯ ಪಿಕಪ್ಪು ಅಂಗಳಕ್ಕೇ ಬರುತ್ತದೆ."

ಅವರು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, "ಹಾಗಾದರೆ ಸಂಘದ ತಕ್ಕಡಿಯೂ ಅಂಗಳಕ್ಕೆ ಹೋಗಬೇಕಲ್ಲ ಮಾರಾಯ. ಸಣ್ಣವರು ಬಿಟ್ಟುಹೋದ ಮೇಲೆ ಅದು ಸಂಘ ಹೇಗಾಗುತ್ತದೆ?" ಎಂದರು. ಎಷ್ಟೋ ಮಹಾಸಭೆಗಳಲ್ಲಿ ಕೇಳದ ಮಾತು ಇದು.

ಬೀರುವಿನಲ್ಲಿ ಅವರ ಮಳೆ ಪುಸ್ತಕಗಳಿವೆ. ಹೂಮಳೆ ಯಾವ ದಿನ ಬಂತು, ಎಷ್ಟು ಇಂಚು, ಬ್ಯಾಕಿಂಗ್ ಮಳೆ ಎಷ್ಟು ದಿನ ತಡವಾಯಿತು, ಆ ವರ್ಷ ಕೊಳೆರೋಗ ಎಷ್ಟಿತ್ತು, ಎಲ್ಲವೂ ದಾಖಲಾಗಿದೆ. ಬೋರ್ಡೋ ದ್ರಾವಣದ ಪಾಠವೂ ಅಲ್ಲಿದೆ: ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಬೇರೆ 50 ಲೀಟರಿಗೆ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕಲಕಬೇಕು. ಉಜ್ಜಿದ ಕಬ್ಬಿಣದ ಚೂರಿ ಅದ್ದಿದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು. ಮಳೆಗಾಲಕ್ಕೆ ಮೊದಲು ಒಂದು ಸಿಂಪರಣೆ, ಮತ್ತೆ 40-45 ದಿನಕ್ಕೆ ಇನ್ನೊಂದು. ಇದು ನಮಗೂ ಗೊತ್ತಿರುವುದೇ. ಆದರೆ ಇದೇ ತೋಟ, ಇದೇ ಮಳೆಯ ಹತ್ತಾರು ವರ್ಷಗಳ ಲೆಕ್ಕ ಇನ್ನೆಲ್ಲೂ ಸಿಗದು. ಪುಟಗಳಿಗೆ ಹುಳ ಹಿಡಿಯುತ್ತಿದೆ.

ಪ್ರತಿ ಊರಿನಲ್ಲೂ ಇಂಥವರು ಒಬ್ಬಿಬ್ಬರು ಇದ್ದಾರೆ. ನಿವೃತ್ತ ಕಾರ್ಯದರ್ಶಿ, ಹಳೆಯ ರೈಟರು, ಮರ ಹತ್ತುವುದು ಬಿಟ್ಟ ಕೊನೆಗಾರ. ಅವರನ್ನು ಕಾಣಲು ಹೋಗುವಾಗ ಸಿಹಿ ಬೇಡ, ಸಕ್ಕರೆ ಕಾಯಿಲೆ ಇದ್ದೀತು. ಈ ವರ್ಷದ ನಾಲ್ಕು ಅಡಿಕೆ, ಒಂದು ಹಿಡಿ ಚೆರಿ ಒಯ್ಯಿರಿ. ಕೇಳಿಸುವ ಕಿವಿಯ ಕಡೆ ಕುಳಿತು ಈ ಪತ್ರಿಕೆಯನ್ನು ಓದಿ ಹೇಳಿ. "ಹೇಗಿದ್ದೀರಿ?" ಎಂದರೆ "ಹೀಗಿದ್ದೇನೆ" ಎಂಬಲ್ಲಿಗೆ ಮಾತು ನಿಲ್ಲುತ್ತದೆ, ತೋಟದ ಒಂದು ತೊಡಕನ್ನು ಮುಂದಿಡಿ. ಪುಸ್ತಕಗಳಿದ್ದರೆ ಅಪ್ಪಣೆ ಪಡೆದು ಮೊಬೈಲಿನಲ್ಲಿ ಪುಟಪುಟವಾಗಿ ಚಿತ್ರ ತೆಗೆದು ಸಂಘಕ್ಕೆ ಕೊಡಿ. ಮುಂಗಾರಿಗೆ ಮುಂಚೆ ಈ ಕೆಲಸ ಆಗಲಿ.