ಬಸದಿಗೆ ವೈರ್‌ಲೆಸ್ ಅಲಾರಂ: ರಿಸೀವರ್ ಎಲ್ಲಿಡಬೇಕು, ಹೇಗೆ ಹೊಂದಿಸಬೇಕು?

ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಬಸವಕಲ್ಯಾಣದ ಸುತ್ತಮುತ್ತ ಜೈನ ಧರ್ಮ ಬಹುಕಾಲ ನೆಲೆಸಿತ್ತು. ಇಲ್ಲಿನ ಕೋಟೆಯ ವಸ್ತುಸಂಗ್ರಹಾಲಯದಲ್ಲಿ 10 ಮತ್ತು 11ನೇ ಶತಮಾನದ ಜೈನ ಮೂರ್ತಿಗಳನ್ನು ಇಂದಿಗೂ ನೋಡಬಹುದು. ಆದರೆ ಇಂದು ಬಸವಕಲ್ಯಾಣ, ಹುಮನಾಬಾದ್ ಕಡೆ ಸಮಾಜದ ಮನೆಗಳು ಬೆಳಗಾವಿ, ಬಾಗಲಕೋಟೆ ಕಡೆ ಇದ್ದಂತೆ ಒತ್ತೊತ್ತಾಗಿಲ್ಲ. ಇಂಥ ಊರುಗಳಲ್ಲಿ ಸಂಜೆ ಆರತಿ ಮುಗಿದು ಬಸದಿಗೆ ಬೀಗ ಬಿದ್ದರೆ ಬೆಳಗಿನ ಅಭಿಷೇಕದವರೆಗೆ ಒಳಗೆ ಯಾರೂ ಇರುವುದಿಲ್ಲ.

ಇನ್ನೊಂದು ಮಾತು. ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ಹುಮನಾಬಾದ್ ಮೂಲಕವೇ ಹೋಗುತ್ತದೆ. ಬಸವಕಲ್ಯಾಣಕ್ಕೂ ಅದು ಹತ್ತಿರ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ರಾತ್ರಿ ಕದ್ದ ವಸ್ತು ಬೆಳಗಾಗುವ ಮೊದಲೇ ಬೇರೆ ರಾಜ್ಯ ಸೇರಬಹುದು. ಬೆಳಿಗ್ಗೆ ಬಾಗಿಲು ತೆರೆದಾಗ ಕಳವು ತಿಳಿದರೆ ಅದಾಗಲೇ ತಡವಾಗಿರುತ್ತದೆ. 2013ರ ಜುಲೈಯಲ್ಲಿ ಮೂಡುಬಿದಿರೆಯ ಗುರುಬಸದಿಯ ಸಿದ್ಧಾಂತ ಮಂದಿರದಿಂದ ಅಮೂಲ್ಯ ಜಿನಬಿಂಬಗಳು ಕಳವಾದಾಗ ನಾಡಿನ ಜೈನರೆಲ್ಲ ಕಳವಳಪಟ್ಟಿದ್ದನ್ನು ಯಾರೂ ಮರೆತಿಲ್ಲ. ಅಷ್ಟು ಪ್ರಸಿದ್ಧ ಕ್ಷೇತ್ರದಲ್ಲೇ ಹಾಗಾದರೆ ಸಣ್ಣ ಊರಿನ ಬಸದಿಗಳ ಗತಿಯೇನು ಎಂದು ಪಂಚ ಕಮಿಟಿಗಳು ಯೋಚಿಸಬೇಕು.

ಅನೇಕ ಕಡೆ ಕ್ಯಾಮೆರಾ ಹಾಕಿಸಿದ್ದಾರೆ. ಕ್ಯಾಮೆರಾ ನಡೆದದ್ದನ್ನು ದಾಖಲಿಸುತ್ತದೆ. ಮಲಗಿದವರನ್ನು ಎಬ್ಬಿಸುವುದು ಅಲಾರಂ. ಹಳೆಯ ಕಲ್ಲಿನ ಕಟ್ಟಡಕ್ಕೆ ವೈರ್‌ಲೆಸ್ ಅಲಾರಂ ಹೆಚ್ಚು ಹೊಂದುತ್ತದೆ, ಏಕೆಂದರೆ ತಂತಿ ಎಳೆಯಲು ಕಂಬ, ಗೋಡೆಗಳನ್ನು ಕೊರೆಯಬೇಕಾಗಿಲ್ಲ. ನಿಮ್ಮ ಬಸದಿ ಸಂರಕ್ಷಿತ ಸ್ಮಾರಕವಾಗಿದ್ದರೆ ಒಂದು ಮೊಳೆ ಹೊಡೆಯುವ ಮೊದಲೂ ಪುರಾತತ್ವ ಇಲಾಖೆಯ ಅನುಮತಿ ಪಡೆಯಿರಿ.

ವ್ಯವಸ್ಥೆಯಲ್ಲಿ ಏನೇನು ಇರುತ್ತದೆ?

ಬಾಗಿಲು, ಕಿಟಕಿಗಳಿಗೆ ಹಾಕುವ ಮ್ಯಾಗ್ನೆಟ್ ಸೆನ್ಸರ್, ಒಳಗಿನ ಚಲನೆ ಗುರುತಿಸುವ ಪಿಐಆರ್ ಸೆನ್ಸರ್, ರಿಮೋಟ್, ಸೈರನ್ ಮತ್ತು ಇವೆಲ್ಲಕ್ಕೂ ಕಿವಿಯಂತಿರುವ ರಿಸೀವರ್. ಕೆಲವು ಕಂಪನಿಗಳ ಸೆಟ್‌ನಲ್ಲಿ ರಿಸೀವರ್ ಮುಖ್ಯ ಪ್ಯಾನೆಲ್‌ನೊಳಗೇ ಇರುತ್ತದೆ. ಈಗಾಗಲೇ ತಂತಿಯ ಅಲಾರಂ ಇರುವ ಕಡೆ ರಿಸೀವರನ್ನು ಬೇರೆ ಪೆಟ್ಟಿಗೆಯಾಗಿ ತಂದು ಹಳೆಯ ಪ್ಯಾನೆಲ್‌ಗೆ ಜೋಡಿಸಬಹುದು. ಆದರೆ ಎರಡೂ ಒಂದಕ್ಕೊಂದು ಹೊಂದುವ ಮಾದರಿಯಾಗಿರಬೇಕು. ಸೆನ್ಸರ್ ಮತ್ತು ರಿಸೀವರ್ ಒಂದೇ ತರಂಗಾಂತರದ್ದಾಗಿರಬೇಕು. ನಮ್ಮ ಪೇಟೆಯಲ್ಲಿ 433 ಮೆಗಾಹರ್ಟ್ಸ್ ಮತ್ತು 865 ಮೆಗಾಹರ್ಟ್ಸ್ ಆಸುಪಾಸಿನವು ಸಿಗುತ್ತವೆ. ಒಂದು ಕಂಪನಿಯ ಸೆನ್ಸರ್ ಮತ್ತೊಂದರ ರಿಸೀವರ್‌ಗೆ ಸಾಮಾನ್ಯವಾಗಿ ಹೊಂದುವುದಿಲ್ಲ, ಬಿಡಿಬಿಡಿಯಾಗಿ ಕೊಳ್ಳಬೇಡಿ.

ರಿಸೀವರ್‌ಗೆ ಸರಿಯಾದ ಜಾಗ

ಡಬ್ಬಿಯ ಮೇಲೆ ಬರೆದಿರುವ 100 ಮೀಟರ್, 200 ಮೀಟರ್ ದೂರ ಬಯಲಿನ ಲೆಕ್ಕ. ದಪ್ಪ ಕಲ್ಲಿನ ಗೋಡೆ, ಕಬ್ಬಿಣದ ಜಾಲರಿ, ತಗಡಿನ ಛಾವಣಿ ಸಂಕೇತವನ್ನು ಬಹಳ ಕುಗ್ಗಿಸುತ್ತವೆ. ಆದ್ದರಿಂದ ಜಾಗ ಆರಿಸುವಾಗ ಇವನ್ನು ಗಮನಿಸಿ:

• ಗರ್ಭಗುಡಿಯೊಳಗೆ ಇಡಬೇಡಿ. ಶುದ್ಧತೆಯ ದೃಷ್ಟಿಯಿಂದಲೂ ಅದು ಸರಿಯಲ್ಲ. ಸುತ್ತ ಕಲ್ಲು ಇರುವುದರಿಂದ ಸಂಕೇತವೂ ಸಿಗುವುದಿಲ್ಲ. ನವರಂಗದ ಪಕ್ಕದ ಕೋಣೆ ಅಥವಾ ಕಮಿಟಿಯ ಆಫೀಸು ಒಳ್ಳೆಯದು.
• ಎಲ್ಲ ಸೆನ್ಸರ್‌ಗಳಿಗೂ ಸುಮಾರು ನಡುವೆ, ನೆಲದಿಂದ 1.5ರಿಂದ 2 ಮೀಟರ್ ಎತ್ತರದಲ್ಲಿರಲಿ.
• ತಿಜೋರಿ, ಕಬ್ಬಿಣದ ಕಪಾಟು, ಇನ್ವರ್ಟರ್, ವೈಫೈ ರೂಟರ್‌ಗಳಿಂದ ಕನಿಷ್ಠ 1 ಮೀಟರ್ ದೂರವಿರಲಿ.
• ಬಾಗಿಲು ತೆರೆದವರಿಗೆ ಮೊದಲ ನೋಟಕ್ಕೇ ಕಾಣಬಾರದು. ಅದನ್ನು ಮುಟ್ಟಲು ಹೋಗುವ ದಾರಿಯಲ್ಲಿ ಒಂದು ಸೆನ್ಸರ್ ದಾಟಲೇಬೇಕಾಗುವಂತಿರಲಿ.
• ಹೊರಗೆ ಇಳಿಬಿದ್ದ ತಂತಿಯೇ ಅದರ ಆಂಟೆನಾ. 433 ಮೆಗಾಹರ್ಟ್ಸ್‌ನದ್ದು ಸಾಮಾನ್ಯವಾಗಿ 17 ಸೆಂ.ಮೀ. ಉದ್ದವಿರುತ್ತದೆ. ಚೆಂದ ಕಾಣಲಿ ಎಂದು ಅದನ್ನು ಕತ್ತರಿಸಬೇಡಿ, ಸುತ್ತಿಡಬೇಡಿ; ನೇರವಾಗಿ ನಿಲ್ಲಿಸಿ ಅಥವಾ ಇಳಿಬಿಡಿ.

ಗೋಡೆಗೆ ಗಟ್ಟಿಯಾಗಿ ಕೂರಿಸುವ ಮೊದಲು ರಿಸೀವರನ್ನು ಆ ಜಾಗದಲ್ಲಿ ತಾತ್ಕಾಲಿಕವಾಗಿ ಇಟ್ಟು, ಕೆಳಗೆ ಹೇಳಿರುವ ಪರೀಕ್ಷೆ ಮಾಡಿ. ಮೊಳೆ ಆಮೇಲೆ.

ಕರೆಂಟ್, ಬ್ಯಾಟರಿ ಮತ್ತು ಸಿಡಿಲು

ರಿಸೀವರ್ ಬೇರೆ ಪೆಟ್ಟಿಗೆಯಾಗಿದ್ದರೆ ಪ್ಯಾನೆಲ್‌ನ ಕರೆಂಟ್ ಪ್ಲಗ್ ತೆಗೆದು, ಬ್ಯಾಟರಿಯ ತಂತಿಯನ್ನೂ ಬಿಡಿಸಿದ ಮೇಲೆಯೇ ಜೋಡಿಸಿ. ಪ್ಲಸ್, ಮೈನಸ್ ಅದಲುಬದಲಾದರೆ ರಿಸೀವರ್ ಸುಡಬಹುದು. ಎಲ್ಲ ತಂತಿ ಸರಿಯಿದೆ ಎಂದು ಇನ್ನೊಮ್ಮೆ ನೋಡಿ, ನಂತರ ಕರೆಂಟ್ ಕೊಡಿ, ಕೊನೆಗೆ ಬ್ಯಾಟರಿ ಜೋಡಿಸಿ.

ಕರೆಂಟ್ ಹೋದಾಗ, ಅಥವಾ ಕಳ್ಳರೇ ಫ್ಯೂಸ್ ತೆಗೆದಾಗ, ವ್ಯವಸ್ಥೆ ಬ್ಯಾಟರಿಯಿಂದ ನಡೆಯಬೇಕು. ಪ್ಯಾನೆಲ್‌ಗಳಲ್ಲಿ ಹೆಚ್ಚಾಗಿ ಕಾಣುವ ಬ್ಯಾಟರಿ 12 ವೋಲ್ಟ್, 7 ಆಂಪಿಯರ್-ಅವರ್‌ನದ್ದು. ಪ್ಯಾನೆಲ್ 0.2 ಆಂಪಿಯರ್ ಎಳೆದರೆ ಲೆಕ್ಕಕ್ಕೆ 35 ಗಂಟೆ ಬರುತ್ತದೆ. ಬ್ಯಾಟರಿ ಹಳೆಯದಾದಂತೆ, ಸೈರನ್ ಕೂಗಿದಂತೆ ಅದು ಇಳಿಯುತ್ತದೆ. ಅರ್ಧದಷ್ಟನ್ನೇ ನಂಬಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಕರೆಂಟ್ ಏರಿಳಿತಕ್ಕೆ ಉಪಕರಣಗಳು ಸುಡುವುದುಂಟು. ಸರಿಯಾದ ಅರ್ಥಿಂಗ್ ಇರುವ ಪ್ಲಗ್ ಮತ್ತು ಸರ್ಜ್ ಪ್ರೊಟೆಕ್ಟರ್ ಹಾಕಿಸಿ.

ಸೆನ್ಸರ್‌ಗಳನ್ನು ಪರಿಚಯಿಸುವುದು

ಹೊಸ ರಿಸೀವರ್‌ಗೆ ಯಾವ ಸೆನ್ಸರ್ ತನ್ನದು ಎಂದು ತಿಳಿದಿರುವುದಿಲ್ಲ. ಹೆಚ್ಚಿನ ಮಾದರಿಗಳಲ್ಲಿ ಕಲಿಕೆಯ ಬಟನ್ ಒತ್ತಿ, ದೀಪ ಮಿನುಗುವಾಗ ಬೇಕಾದ ಸೆನ್ಸರನ್ನು ಒಮ್ಮೆ ಕೆಲಸ ಮಾಡಿಸಬೇಕು: ಬಾಗಿಲು ತೆರೆಯಬೇಕು ಅಥವಾ ಎದುರಿಗೆ ನಡೆಯಬೇಕು. ಕೆಲವು ಮಾದರಿಗಳಲ್ಲಿ ಸೆನ್ಸರ್ ಮೇಲಿನ ಸಂಖ್ಯೆಯನ್ನು ಕೀಪ್ಯಾಡ್‌ನಲ್ಲಿ ಒತ್ತಬೇಕು. ಒಂದೊಂದಾಗಿ ಮಾಡಿ, ಪ್ರತಿಯೊಂದಕ್ಕೂ ಬೇರೆ ವಲಯ ಸಂಖ್ಯೆ ಕೊಡಿ. 1 ಮಹಾದ್ವಾರ, 2 ಗರ್ಭಗುಡಿಯ ಬಾಗಿಲು, 3 ನವರಂಗ, 4 ಭಂಡಾರದ ಕೋಣೆ ಎಂದು ಕಾಗದದ ಮೇಲೆ ಬರೆದು, ಒಂದು ಪ್ರತಿಯನ್ನು ಕಾರ್ಯದರ್ಶಿಗಳ ಬಳಿ ಇಡಿ. ರಾತ್ರಿ ಫೋನಿಗೆ "ವಲಯ 2" ಎಂದು ಬಂದಾಗ ಅದು ಏನೆಂದು ಹುಡುಕುತ್ತ ಕೂರುವಂತಾಗಬಾರದು.

ಕಂಪನಿ ಕೊಟ್ಟ 1234ರಂಥ ಪಾಸ್‌ವರ್ಡನ್ನು ಅಂದೇ ಬದಲಿಸಿ. ಉಪಾಧ್ಯೆಯವರಿಗೆ, ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ ಬೇರೆ ಬೇರೆ ಕೋಡ್ ಇರಲಿ. ರಿಮೋಟ್ ಕಳೆದರೆ ಅದನ್ನು ರಿಸೀವರ್‌ನ ನೆನಪಿನಿಂದ ಅಳಿಸಲೇಬೇಕು. ಮಹಾದ್ವಾರಕ್ಕೆ 30 ಸೆಕೆಂಡಿನಷ್ಟು ಅವಕಾಶವಿಟ್ಟರೆ ಬೆಳಿಗ್ಗೆ ಉಪಾಧ್ಯೆಯವರು ಒಳಬಂದು ಅಲಾರಂ ನಿಲ್ಲಿಸಬಹುದು. ಗರ್ಭಗುಡಿ ಮತ್ತು ಭಂಡಾರಕ್ಕೆ ಈ ಅವಕಾಶ ಬೇಡ; ತೆರೆದ ಕೂಡಲೇ ಕೂಗಲಿ. ಮುನಿ ಮಹಾರಾಜರು ಅಥವಾ ಮಾತಾಜಿಯವರು ತಂಗಿದ್ದಾಗ, ಪರ್ಯುಷಣದ ದಿನಗಳಲ್ಲಿ ಜನ ತಡರಾತ್ರಿವರೆಗೆ ಇದ್ದಾಗ, ಒಳಗಿನ ಚಲನೆಯ ಸೆನ್ಸರ್‌ಗಳನ್ನು ಬಿಟ್ಟು ಬಾಗಿಲುಗಳನ್ನು ಮಾತ್ರ ಕಾಯುವ ವ್ಯವಸ್ಥೆ ಬಹುತೇಕ ಪ್ಯಾನೆಲ್‌ಗಳಲ್ಲಿದೆ. ಅದನ್ನು ಕಲಿತಿರಿ.

ಸುಳ್ಳು ಅಲಾರಂ ಮತ್ತು ಜೀವದಯೆ

ಪದೇ ಪದೇ ಸುಳ್ಳು ಕೂಗುವ ಅಲಾರಂ ಕೊನೆಗೆ ಬಂದ್ ಆಗುತ್ತದೆ, ಇಲ್ಲವೇ ಯಾರೂ ಅದಕ್ಕೆ ಕಿವಿಗೊಡುವುದಿಲ್ಲ. ಪಿಐಆರ್ ಸೆನ್ಸರ್ ತಾನಾಗಿ ಯಾವ ಬೆಳಕನ್ನೂ ಶಾಖವನ್ನೂ ಬಿಡುವುದಿಲ್ಲ. ಎದುರಿನ ಶಾಖದ ಬದಲಾವಣೆಯನ್ನು ಮಾತ್ರ ಗುರುತಿಸುತ್ತದೆ. ಹಾಗಾಗಿ ದೀಪದಂತೆ ಹುಳುಗಳನ್ನು ಸೆಳೆಯುವುದಿಲ್ಲ. ಆದರೆ ಗಾಳಿಗೆ ಅಲುಗುವ ನಂದಾದೀಪ, ಹಾರುವ ಪಾರಿವಾಳ, ಬಾವಲಿಗಳಿಂದ ಮೋಸ ಹೋಗಬಹುದು. ದೀಪ ಕಾಣದಂತೆ, ಸುಮಾರು 2 ಮೀಟರ್ ಎತ್ತರದಲ್ಲಿ ಕೂರಿಸಿ. ಪಾರಿವಾಳ, ಬಾವಲಿ ಬರುವ ಕಿಂಡಿಗಳಿಗೆ ಜಾಲರಿ ಹಾಕಿಸುವ ಮುನ್ನ ಒಳಗೆ ಗೂಡು, ಮರಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ; ಬಾವಲಿಗಳೆಲ್ಲ ಹೊರಹೋದ ಹೊತ್ತಿನಲ್ಲಿ ಹಾಕಿಸಿ. ಸೆನ್ಸರ್ ಒಳಗೆ ಇರುವೆ, ಜೇಡ ಸೇರದಂತೆ ತಂತಿಯ ತೂತುಗಳನ್ನು ಮೊದಲೇ ಸಿಲಿಕಾನ್‌ನಿಂದ ಮುಚ್ಚಿದರೆ ಮುಂದೆ ಯಾವ ಔಷಧಿಯನ್ನೂ ಸಿಂಪಡಿಸಬೇಕಾಗುವುದಿಲ್ಲ.

ನಮ್ಮ ಬಿಸಿಲುನಾಡಿಗೆ ಇನ್ನೊಂದು ಎಚ್ಚರಿಕೆ. ಬೇಸಿಗೆಯಲ್ಲಿ ಕಾದ ಕಲ್ಲು ರಾತ್ರಿಯೂ ಬಿಸಿಯಾಗಿರುತ್ತದೆ. ಗೋಡೆಯ ಶಾಖವೂ ಮನುಷ್ಯನ ಮೈಶಾಖವೂ ಹತ್ತಿರ ಬಂದಾಗ ಪಿಐಆರ್ ಮಂದವಾಗುತ್ತದೆ. ಅದೊಂದನ್ನೇ ನಂಬದೆ ಪ್ರತಿ ಬಾಗಿಲಿಗೂ ಮ್ಯಾಗ್ನೆಟ್ ಸೆನ್ಸರ್ ಹಾಕಿ. ಕಬ್ಬಿಣದ ಬಾಗಿಲಿಗೆ ಸಣ್ಣ ಮ್ಯಾಗ್ನೆಟ್ ನೇರವಾಗಿ ಅಂಟಿಸಿದರೆ ಅದರ ಬಲ ಕುಗ್ಗುತ್ತದೆ. ನಡುವೆ ಮರದ ತುಂಡು ಇಡಿ ಅಥವಾ ಶಟರ್‌ಗೆಂದೇ ಬರುವ ದೊಡ್ಡ ಸೆನ್ಸರ್ ತನ್ನಿ.

ಪರೀಕ್ಷೆ ಹೀಗೆ ಮಾಡಿ

ಇಬ್ಬರು ಬೇಕು. ಒಬ್ಬರು ರಿಸೀವರ್ ಬಳಿ, ಇನ್ನೊಬ್ಬರು ಸೆನ್ಸರ್ ಬಳಿ ಫೋನ್ ಹಿಡಿದು ನಿಲ್ಲಲಿ. ರಾತ್ರಿ ಇರುವಂತೆಯೇ ಬಾಗಿಲು, ಜಾಲರಿ, ಕಪಾಟುಗಳನ್ನೆಲ್ಲ ಮುಚ್ಚಿ, ಪರೀಕ್ಷಿಸಬೇಕಾದ ಬಾಗಿಲನ್ನು ಮಾತ್ರ ತೆರೆಯಿರಿ. ಪ್ರತಿ ಸೆನ್ಸರನ್ನೂ 10 ಸಲ ಕೆಲಸ ಮಾಡಿಸಿ. ಹತ್ತಕ್ಕೆ ಹತ್ತೂ ರಿಸೀವರ್‌ಗೆ ಮುಟ್ಟಬೇಕು. ಒಂದು ತಪ್ಪಿದರೂ ರಿಸೀವರ್‌ನ ಜಾಗ ಬದಲಿಸಿ. ಆದರೂ ಆಗದಿದ್ದರೆ ನಡುವೆ ರಿಪೀಟರ್ ಹಾಕಿಸಿ. ನಂತರ ಕರೆಂಟ್ ತೆಗೆದು ಬ್ಯಾಟರಿಯ ಮೇಲೆ ಇದೇ ಪರೀಕ್ಷೆ ಮತ್ತೊಮ್ಮೆ ಮಾಡಿ. ಕೊಳ್ಳುವಾಗಲೇ ಒಂದು ಪ್ರಶ್ನೆ ಕೇಳಿ: ಸೆನ್ಸರ್ ಕೆಟ್ಟರೆ ಅಥವಾ ಅದರ ಸೆಲ್ ಮುಗಿದರೆ ಪ್ಯಾನೆಲ್ ತಾನಾಗಿ ತಿಳಿಸುತ್ತದೆಯೇ? ಅಗ್ಗದ ಕೆಲವು ಮಾದರಿಗಳು ತಿಳಿಸುವುದಿಲ್ಲ.

ಫೋನ್ ಕರೆ ಮಾಡುವ ಪ್ಯಾನೆಲ್‌ಗೆ ಸಿಮ್ ಬೇಕು. 2ಜಿ ಪ್ಯಾನೆಲ್‌ನಲ್ಲಿ ಜಿಯೋ ಸಿಮ್ ಕೆಲಸ ಮಾಡುವುದಿಲ್ಲ. ಹೊಸದಾಗಿ ಕೊಳ್ಳುವವರು 4ಜಿ ಪ್ಯಾನೆಲ್ಲನ್ನೇ ತನ್ನಿ. ರೀಚಾರ್ಜ್ ತಪ್ಪದಂತೆ ಒಬ್ಬರಿಗೆ ಜವಾಬ್ದಾರಿ ವಹಿಸಿ.

ಕರೆ ಯಾರಿಗೆ ಹೋಗಬೇಕು?

ಇದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಅನೇಕ ಕಡೆ ಮೊದಲ ನಂಬರ್ ಅಧ್ಯಕ್ಷರದ್ದು, ಎರಡನೆಯದು ಬೇರೆ ಊರಲ್ಲಿರುವ ದಾನಿಗಳದ್ದು ಇರುತ್ತದೆ. ಗೌರವ ಬೇರೆ, ಕಾವಲು ಬೇರೆ. 5 ನಿಮಿಷದಲ್ಲಿ ನಡೆದು ಬರಬಲ್ಲವರ ನಂಬರ್ ಮೊದಲಿರಲಿ. ಹತ್ತಿರ ಸಮಾಜದ ಮನೆ ಇಲ್ಲದಿದ್ದರೆ ಪಕ್ಕದ ಲಿಂಗಾಯತ, ಮರಾಠಾ, ಮುಸ್ಲಿಂ ನೆರೆಯವರನ್ನು ಪ್ರೀತಿಯಿಂದ ಕೇಳಿ. ಸೈರನ್ ಸದ್ದನ್ನು ಒಮ್ಮೆ ಅವರಿಗೆ ಕೇಳಿಸಿ ಪರಿಚಯ ಮಾಡಿಕೊಡಿ. ಬಂದವರು ಒಬ್ಬರೇ ಒಳಗೆ ನುಗ್ಗಬಾರದು. ಹೊರಗಿನ ದೀಪ ಹಾಕಿ, ನಾಲ್ಕು ಜನರನ್ನು ಕೂಗಿ, 112ಕ್ಕೆ ಕರೆ ಮಾಡಿ. ಬಸದಿಯಲ್ಲಿ ಅಲಾರಂ ಇರುವ ವಿಷಯವನ್ನು ಠಾಣೆಗೂ ಮುಂಚೆಯೇ ತಿಳಿಸಿರಿ.

ಅಲಾರಂ ಜೊತೆಗೆ ಬಿಂಬಗಳ ದಾಖಲೆಯೂ ಸಿದ್ಧವಿರಲಿ. ಪ್ರತಿ ಬಿಂಬದ ಮುಂದೆ, ಹಿಂದೆ, ಪಕ್ಕದ ಫೋಟೋ, ಲಾಂಛನ, ಪೀಠದ ಬರಹ, ಎತ್ತರ, ತೂಕ ಬರೆದಿಡಿ. ಕಳವಾದ ಬಿಂಬ ಸಿಕ್ಕಾಗ ಅದು ನಮ್ಮದೆಂದು ತೋರಿಸಲು ಇದೇ ಆಧಾರ. 100 ವರ್ಷಕ್ಕೂ ಹಳೆಯ ಮೂರ್ತಿಗಳು 1972ರ ಪುರಾವಸ್ತು ಕಾಯ್ದೆಯಡಿ ಬರುತ್ತವೆ. ಅವುಗಳ ನೋಂದಣಿ ಬಗ್ಗೆ ಪುರಾತತ್ವ ಅಧಿಕಾರಿಗಳನ್ನು ವಿಚಾರಿಸಿ.

ವರ್ಷಕ್ಕೆ ಎರಡು ಸಲ, ಮಹಾವೀರ ಜಯಂತಿಗೆ ಮುನ್ನ ಮತ್ತು ನಿರ್ವಾಣೋತ್ಸವದ ದೀಪಾವಳಿಗೆ ಮುನ್ನ, ಮೇಲಿನ ಪರೀಕ್ಷೆಯನ್ನು ಪೂರ್ತಿ ಮಾಡಿ, ಸೆಲ್‌ಗಳನ್ನು ನೋಡಿ, ದಿನಾಂಕವನ್ನು ಪುಸ್ತಕದಲ್ಲಿ ಬರೆಯಿರಿ. ಬಸದಿ ಸ್ವಚ್ಛಗೊಳಿಸುವ ದಿನವೇ ಇದನ್ನೂ ಮುಗಿಸಿದರೆ ಮರೆಯುವುದಿಲ್ಲ.